ಎಲ್ಲರ ಮಂದೆಯೂ ನೂರು

ಬೆಳಿಗ್ಗೆ ಒಂಬತ್ತಕ್ಕೆ ಮೆಸೇಜ್ ಹೋಗಬೇಕಿತ್ತು. ಹೋಗಲಿಲ್ಲ. ಹತ್ತಾದರೂ ಹೋಗಲಿಲ್ಲ. ಪರದೆಯ ಮೇಲೆ ಏನೂ ಬದಲಾಗುತ್ತಿರಲಿಲ್ಲ. ಕಂಪ್ಯೂಟರಿನ ಫ್ಯಾನ್ ಮಾತ್ರ ಜೋರಾಗಿ ತಿರುಗುತ್ತಿತ್ತು. ಒಳಗೆ ಲೆಕ್ಕ ನಡೆಯುತ್ತಿದೆ ಅನ್ನುವುದಕ್ಕೆ ಅದೊಂದೇ ಗುರುತು.

ನಮ್ಮ ಆಫೀಸು ಚಿತ್ರದುರ್ಗದಲ್ಲಿ, ಒಂದು ಟೈರ್ ಅಂಗಡಿಯ ಮೇಲೆ. ಮೂರು ಜನ. ಪ್ರೋಗ್ರಾಂ ಮೊದಲು ಬರೆದ ಸರ್, ಫೋನ್ ನೋಡಿಕೊಳ್ಳುವ ಮೇಡಂ, ನಾನು. ಸರ್ ಹಿಂದೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಮೇಡಂ ಹಿರಿಯೂರಿನವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ನಾನು ಹತ್ತನೇ ಕ್ಲಾಸು ಪಾಸಾಗಿಲ್ಲ. ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಈ ಆಫೀಸಿನಲ್ಲೇ ಕಲಿತೆ. ಬೇರೆ ಭಾಷೆ ಬರುತ್ತಿರಲಿಲ್ಲ. ಹಾಗಾಗಿ ಮರೆಯಬೇಕಾದದ್ದೂ ಏನೂ ಇರಲಿಲ್ಲ.

ನಾವು ಮಾಡುವ ಕೆಲಸ ಇಷ್ಟು. ಬೆಳೆ ಕಟಾವಾದ ಮೇಲೆ ಹೊಲ ಖಾಲಿ ಬೀಳುತ್ತದೆ. ರೈತರಿಗೆ ಗೊಬ್ಬರ ಬೇಕು. ಕುರಿಯವರಿಗೆ ರಾತ್ರಿ ಮಂದೆ ನಿಲ್ಲಿಸಲು ಜಾಗ ಬೇಕು. ಮಂದೆ ಒಂದು ರಾತ್ರಿ ನಿಂತರೆ ಹಿಕ್ಕೆ, ಗಂಜಲ ಹೊಲಕ್ಕೇ ಬೀಳುತ್ತದೆ. ರೈತ ಅದಕ್ಕೆ ಕಾಳು ಕೊಡುತ್ತಾನೆ. ಇದು ಮೊದಲಿಂದ ನಡೆದು ಬಂದಿದ್ದು. ಮೊದಲು ಕುರಿಯವರು ಊರೂರು ತಿರುಗಿ ಹೊಲ ಕೇಳುತ್ತಿದ್ದರು. ಈಗ ನಾವು ಯಾವ ಮಂದೆ ಯಾವ ಹೊಲಕ್ಕೆ ಎಂದು ಕಂಪ್ಯೂಟರಿನಲ್ಲಿ ಹೊಂದಿಸಿ ಬೆಳಿಗ್ಗೆ ಮೆಸೇಜ್ ಕಳಿಸುತ್ತೇವೆ. ದೊಡ್ಡ ಹೊಲಕ್ಕೆ ದೊಡ್ಡ ಮಂದೆ ಹೋಗಬೇಕು, ಯಾರೂ ಬಹಳ ದೂರ ನಡೆಯಬಾರದು. ಪ್ರೋಗ್ರಾಂ ಒಂದು ಹಂಚಿಕೆ ಮಾಡಿ ನೋಡುತ್ತದೆ, ಇನ್ನೊಂದು ಮಾಡಿ ನೋಡುತ್ತದೆ, ಎಲ್ಲ ಮುಗಿದ ಮೇಲೆ ಒಳ್ಳೆಯದನ್ನು ಕೊಡುತ್ತದೆ.

ಹೋದ ವರ್ಷ ಹೊಳಲ್ಕೆರೆ, ಹಿರಿಯೂರು ಕಡೆಯ ಮಂದೆಗಳಷ್ಟೇ ಇದ್ದವು. ಮೇಡಂ ಓಡಾಡಿ, ಕಣ್ಣಲ್ಲಿ ನೋಡಿ, ಅಂದಾಜಿನ ಮೇಲೆ ಕುರಿ ಎಷ್ಟು ಎಂದು ಬರೆದುಕೊಂಡು ಬಂದಿದ್ದರು. ಲೆಕ್ಕ ಚಹಾ ಕುಡಿಯುವುದರೊಳಗೆ ಮುಗಿಯುತ್ತಿತ್ತು. ಈ ವರ್ಷ ಹೊಸದುರ್ಗದವರೂ ಸೇರಿದರು. ಮೇಡಂ ಅಷ್ಟು ಕಡೆ ಓಡಾಡಲು ಆಗುವುದಿಲ್ಲ ಅಂದರು. ಅದಕ್ಕೆ ಕುರಿಯವರೇ ಫೋನ್ ಮಾಡಿ, ಕುರಿ ಎಷ್ಟು ಎಂದು ಅಂಕಿ ಒತ್ತಿ, ಎಲ್ಲಿದ್ದೇವೆ ಎಂದು ಊರಿನ ಹೆಸರು ಹೇಳುವ ವ್ಯವಸ್ಥೆ ಮಾಡಿದೆ. ಹೊಸಬರು ಒಬ್ಬೊಬ್ಬರಾಗಿ ಸೇರಿದಂತೆ ಲೆಕ್ಕ ದಿನದಿಂದ ದಿನಕ್ಕೆ ಉದ್ದವಾಗುತ್ತಾ ಬಂತು. ಹೊಸದಾಗಿ ಸೇರಿದವರಲ್ಲಿ ನಮ್ಮ ಮಾವನೂ ಒಬ್ಬ. ಅಮ್ಮನ ತಮ್ಮ. ನಾನು ಹೇಳಿದೆ ಎಂದು ಸೇರಿದ. ಅವನ ಕುರಿಗಳು ಮರಿ ಹಾಕುವ ಹೊತ್ತು ಹತ್ತಿರ ಬಂದಿತ್ತು. ಅವನು ಕೇಳಿದ್ದು ಒಂದೇ. ತಾಳ್ಯದ ಹತ್ತಿರ ಬಾವಿ ಇರುವ ಒಂದು ಶೇಂಗಾ ಹೊಲ ಇದೆ, ಕುರಿ ಮರಿ ಹಾಕಿ ಮರಿಗಳು ನಡೆಯುವಂತಾಗುವವರೆಗೆ ಅದು ಸಿಗಬೇಕು. ಕೊಡಿಸುತ್ತೇನೆ ಅಂದೆ.

ಮೆಸೇಜ್ ಹೋಗದ ದಿನ ಮೇಡಂ ಫೋನು ಇಳಿಸಲೇ ಇಲ್ಲ. "ಬರುತ್ತೆ ಕಣ್ರಿ, ಸ್ವಲ್ಪ ಕುಂತ್ಕಳ್ರಿ" ಎಂದು ಒಬ್ಬರಾದ ಮೇಲೆ ಒಬ್ಬರಿಗೆ ಹೇಳುತ್ತಿದ್ದರು. ನಡುವೆ ನನ್ನ ಕಡೆ ತಿರುಗಿದರು.

"ಅವ್ರು ಬೆಳಗ್ಗಿಂದ ಕುಂತೇ ಅವ್ರೆ. ನಿನ್ ಮಿಷನ್ ಎದ್ದೇಳ್ತೈತೋ ಇಲ್ವೋ ಅದ್ನ ಹೇಳು."

ಮಾವ ನನ್ನ ನಂಬರಿಗೇ ಮಾಡಿದ. "ಲೇ ಅಳಿಯ, ಹೊಳಲ್ಕೆರೆ ರೋಡ್ ಮಗ್ಗುಲಾಗೆ ನಿಂತಿದೀನಿ. ಲಾರಿ ಹಾರನ್ ಹೊಡುದ್ರೆ ಕುರಿ ಬೆದರ್ತಾವೆ. ಗಬ್ಬ ಇರೋವು. ಎಲ್ಲಿಗೋಗ್ಲಿ ಹೇಳು."

"ಲೆಕ್ಕ ನಡೀತೈತೆ ಮಾವ."

"ಏನ್ ಲೆಕ್ಕಾನಪ್ಪ ಅದು. ಇರೋದು ಕುರಿ, ಹೊಲ."

ಮಧ್ಯಾಹ್ನ ಪ್ರೋಗ್ರಾಂ ಅನ್ನು ಕೈಯಿಂದ ಕೊಂದೆ. ಅವತ್ತು ಯಾರಿಗೂ ಮೆಸೇಜ್ ಹೋಗಲಿಲ್ಲ. ಎಲ್ಲರೂ ಎಲ್ಲಿದ್ದರೋ ಅಲ್ಲೇ ಉಳಿದರು, ಮಾವ ರಸ್ತೆ ಪಕ್ಕದ ಗೋಮಾಳದಲ್ಲಿ. ಸರ್ ಕನ್ನಡಕ ಒರೆಸಿಕೊಂಡು, ಲೆಕ್ಕಕ್ಕೆ ಒಂದು ಟೈಮ್‌ಔಟ್ ಹಾಕು ಅಂದರು. ಇಷ್ಟು ಹೊತ್ತು ಕೊಡು, ಮುಗಿಯಲಿಲ್ಲ ಅಂದರೆ ಲೆಕ್ಕ ಓಡುತ್ತಿರುವ ಎಳೆಯನ್ನು, ಆ ಥ್ರೆಡ್ಡನ್ನು, ಕ್ಯಾನ್ಸಲ್ ಮಾಡು. ಸುಲಭದ ಕೆಲಸದ ಹಾಗೆ ಕಾಣಿಸಿತು. ಭಾಷೆಯಲ್ಲೇ ಅದಕ್ಕೊಂದು ಫಂಕ್ಷನ್ ಇದೆ. ಒಂದು ಸಾಲು.

ಆ ಒಂದು ಸಾಲು ಹಾಕಿ ಓಡಿಸಿದೆ. ಹತ್ತು ನಿಮಿಷ ಕೊಟ್ಟಿದ್ದೆ. ಕಣ್ಣು ಮುಚ್ಚಿ ಬಿಡುವುದರೊಳಗೆ 'ಲೆಕ್ಕ ಮುಗಿಯಿತು' ಎಂದು ಬಂತು. ಸರ್ ನಕ್ಕರು. ಆಮೇಲೆ ಮೆಸೇಜ್ ಬರೆಯುವ ಜಾಗಕ್ಕೆ ಹೋಗಿ ನಿಂತುಬಿಟ್ಟಿತು. ಮತ್ತೆ ಅದೇ ಫ್ಯಾನ್.

ಇದು ಈ ಭಾಷೆಯ ಸ್ವಭಾವ. ಕೇಳುವವರೆಗೆ ಏನನ್ನೂ ಮಾಡುವುದಿಲ್ಲ. ಲೆಕ್ಕ ಮಾಡು ಎಂದರೆ 'ಮಾಡುತ್ತೇನೆ' ಎಂದು ಒಂದು ಚೀಟಿ ಕೊಡುತ್ತದೆ. ಟೈಮ್‌ಔಟ್ ಆ ಚೀಟಿ ಬರೆಯುವುದಕ್ಕೆ ಎಷ್ಟು ಹೊತ್ತಾಯಿತು ಎಂದಷ್ಟೇ ನೋಡಿತು. ಚೀಟಿ ಬರೆಯಲು ಎಷ್ಟು ಹೊತ್ತು ಬೇಕು. ಆಮೇಲೆ ಪ್ರೋಗ್ರಾಮಿನ ಮೆಸೇಜ್ ಬರೆಯುವ ಭಾಗ ಚೀಟಿ ತೋರಿಸಿ ಉತ್ತರ ಕೇಳಿದಾಗ ನಿಜವಾದ ಲೆಕ್ಕ ಶುರುವಾಯಿತು. ಅಲ್ಲಿ ಟೈಮ್‌ಔಟ್ ಇಲ್ಲ.

ಹಾಗಾದರೆ ಟೈಮ್‌ಔಟಿನ ಒಳಗೇ ಲೆಕ್ಕ ಮಾಡಿಸಬೇಕು. ಒತ್ತಾಯದಿಂದ ಮಾಡಿಸುವ ಫಂಕ್ಷನ್ ಹಾಕಿದೆ. ಅದು ಉತ್ತರದ ಮೊದಲ ಪದರವನ್ನು ಮಾತ್ರ ಬಿಡಿಸಿತು. ಒಂದು ಹಂಚಿಕೆ ಇದೆ ಅನ್ನುವವರೆಗೆ ಬಂತು, ಅದರೊಳಗೆ ಯಾರು ಎಲ್ಲಿಗೆ ಅನ್ನುವುದು ಮತ್ತೆ ಚೀಟಿಗಳೇ. ಇನ್ನೊಂದು ಹಾಕಿದೆ, ತಳದವರೆಗೆ ಬಿಡಿಸುವಂಥದ್ದು. ಈಗ ಲೆಕ್ಕ ಟೈಮ್‌ಔಟಿನ ಒಳಗೇ ನಡೆಯಿತು.

ಹತ್ತು ನಿಮಿಷ ಆಯಿತು. ನಿಲ್ಲಲಿಲ್ಲ. ಹದಿನೈದು ಆಯಿತು. ನಿಲ್ಲಲಿಲ್ಲ.

ಮರುದಿನ ಅದರ ಕಾರಣ ಹುಡುಕಿದೆ. ಟೈಮ್‌ಔಟ್ ಥ್ರೆಡ್ಡಿನ ಕುತ್ತಿಗೆ ಹಿಡಿದು ನಿಲ್ಲಿಸುವುದಿಲ್ಲ. ಅದರ ಮೇಲೆ ಒಂದು ಎಕ್ಸೆಪ್ಷನ್ ಎಸೆಯುತ್ತದೆ, ನಿಲ್ಲು ಎಂದು ಕೂಗಿದ ಹಾಗೆ. ಥ್ರೆಡ್ ಹೊಸ ಮೆಮೊರಿ ಕೇಳಲು ತಲೆ ಎತ್ತಿದಾಗ ಮಾತ್ರ ಆ ಕೂಗು ಕೇಳಿಸುತ್ತದೆ. ನಮ್ಮ ಲೆಕ್ಕದಲ್ಲಿ ದೂರಗಳನ್ನು ಕೂಡಿಸುವ ಒಂದು ಸಣ್ಣ ಸುತ್ತು ಇತ್ತು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಅದನ್ನು ಎಷ್ಟು ಬಿಗಿ ಮಾಡಿತ್ತು ಅಂದರೆ ಅದು ಮೆಮೊರಿಯನ್ನೇ ಕೇಳುತ್ತಿರಲಿಲ್ಲ. ತಲೆ ತಗ್ಗಿಸಿಕೊಂಡು ಕೂಡಿಸುತ್ತಲೇ ಇತ್ತು. ಆಗಾಗ ತಲೆ ಎತ್ತಲೇಬೇಕು ಎಂದು ಕಂಪೈಲರಿಗೆ ಹೇಳುವ ಒಂದು ಆಯ್ಕೆ ಇದೆ. ಅದನ್ನು ಹಾಕಿ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿದೆ. ಸ್ವಲ್ಪ ನಿಧಾನವಾಯಿತು. ಆಗಲಿ.

ಕೂಗು ಮುಟ್ಟಿತು. ಪ್ರೋಗ್ರಾಂ ಮಾಡಿದ್ದನ್ನೆಲ್ಲ ಬರೆದಿಡುವ ಲಾಗಿನಲ್ಲಿ ಕಾಣಿಸಿತು. ಥ್ರೆಡ್ ಕೂಗನ್ನು ಕೇಳಿ, ಪರವಾಗಿಲ್ಲ ಎಂದು ಮುಂದಿನ ಹಂಚಿಕೆಗೆ ಹೋಯಿತು.

ನಾನು ಲಾಗನ್ನು ಬಹಳ ಹೊತ್ತು ನೋಡಿದೆ. ಸಿಟ್ಟೂ ಬರಲಿಲ್ಲ. ಕೋಡಿನಲ್ಲಿ ಕೆಳಗೆ ಇಳಿದು ಇಳಿದು ನೋಡಿದರೆ ಒಂದು ಕಡೆ ಸರ್ ಬರೆದಿದ್ದರು: ಯಾವ ತಪ್ಪು ಬಂದರೂ ಹಿಡಿ, ಬಿಡು, ಮುಂದೆ ಹೋಗು. ಯಾವ ತಪ್ಪು ಬಂದರೂ ಅಂದರೆ ನಿಲ್ಲು ಅನ್ನುವ ಕೂಗೂ ಅದರಲ್ಲಿ ಸೇರಿತು. ಟೈಮ್‌ಔಟ್ ಒಂದೇ ಸಲ ಕೂಗುತ್ತದೆ. ಅದನ್ನು ನುಂಗಿದ ಮೇಲೆ ಥ್ರೆಡ್ಡಿಗೆ ಹೇಳುವವರು ಯಾರೂ ಇಲ್ಲ.

"ಅದು ನಾನೇ ಬರ್ದಿದ್ದು ಕಣಪ್ಪ" ಅಂದರು ಸರ್. "ಹೋದ್ ವರ್ಷ ಹೊಲದ ಅಳತೆ ಸೊನ್ನೆ ಅಂತ ಬಂದು ಭಾಗಾಕಾರ ಕೆಡ್ತಿತ್ತು. ಮೇಡಂ ಕೊಟ್ಟಿದ್ದು ಹಂಗಿತ್ತು."

"ಹೂಂ, ಎಲ್ಲಕ್ಕೂ ನನ್ನೇ ಹೇಳ್ರಿ" ಅಂದರು ಮೇಡಂ. "ಮಿಷನ್ ಕೆಟ್ರೂ ನಾನೇ, ಟೈರ್ ಪಂಕ್ಚರ್ ಆದ್ರೂ ನಾನೇ."

ಸೊನ್ನೆಯಿಂದ ಭಾಗಿಸಿದ ತಪ್ಪನ್ನು ಮಾತ್ರ ಹಿಡಿ, ಉಳಿದದ್ದನ್ನು ಹಿಡಿಯಬೇಡ ಎಂದು ಬದಲಾಯಿಸಿದೆ. ಓಡಿಸಿದೆ. ಹತ್ತು ನಿಮಿಷಕ್ಕೆ ಸರಿಯಾಗಿ ಥ್ರೆಡ್ ಸತ್ತಿತು. ಫ್ಯಾನ್ ನಿಂತಿತು. ಆಫೀಸಿನಲ್ಲಿ ಕೆಳಗಿನ ಟೈರ್ ಅಂಗಡಿಯ ಸುತ್ತಿಗೆ ಸದ್ದು ಮೊದಲ ಸಲ ಸರಿಯಾಗಿ ಕೇಳಿಸಿತು.

ಕೈಯಲ್ಲಿ ಉತ್ತರ ಮಾತ್ರ ಇರಲಿಲ್ಲ. ಟೈಮ್‌ಔಟ್ ಆದರೆ 'ಏನೂ ಇಲ್ಲ' ಎಂದು ಬರುತ್ತದೆ. ಲೆಕ್ಕ ನಿಲ್ಲಿಸುವುದು ಕಲಿತಿದ್ದೆ. ನಿಂತ ಲೆಕ್ಕವನ್ನು ಕುರಿಯವರಿಗೆ ಹೇಗೆ ಕಳಿಸುವುದು. ಏನೂ ಇಲ್ಲ ಎಂದು ಬಂದರೆ ಅದರ ಬದಲು ಏನಾದರೂ ಒಂದು ಇಡಬೇಕು. ಕೊನೆಗೆ ಸರಿಯಾಗಿ ಬಂದಿದ್ದ ಹಂಚಿಕೆಯನ್ನು ಇಟ್ಟೆ. ಅದು ಮೆಸೇಜ್ ನಿಂತ ದಿನದ ಹಿಂದಿನದು. ಎರಡು ದಿನದಲ್ಲಿ ಹೊಲ ಎಷ್ಟು ಬದಲಾಗುತ್ತದೆ ಅಂದುಕೊಂಡೆ. ಸರ್ ಕೂಡ ಏನೂ ಕಳಿಸದೆ ಇರುವುದಕ್ಕಿಂತ ವಾಸಿ ಅಂದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಲೆಕ್ಕ ಸತ್ತು, ಹಳೆಯ ಹಂಚಿಕೆಯೇ ಮತ್ತೊಮ್ಮೆ ಎಲ್ಲರಿಗೂ ಹೋಯಿತು. ಮೆಸೇಜ್ ಹೋಯಿತು ಎಂದು ನಾವು ಮೂವರೂ ತಿಂಡಿಗೆ ಹೋದೆವು.

ಮೇಡಂ ಹಿಂದಿನ ಸಂಜೆಯೇ ಮಾವನಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದರು. ತಾಳ್ಯದ ಹೊಲದಲ್ಲಿದ್ದ ಇನ್ನೊಂದು ಮಂದೆಯವರು ಬೆಳಿಗ್ಗೆ ಹೊರಡುತ್ತಾರೆ, ನೀವು ಹೋಗಿ ಸೇರಿಕೊಳ್ರಿ, ಮೆಸೇಜ್ ಕಾಯಬೇಡ್ರಿ ಎಂದು. ಒಳ್ಳೆಯದಕ್ಕೇ ಹೇಳಿದ್ದು. ಆ ಮಂದೆಯವರು ಬೆಳಿಗ್ಗೆ ಹೊರಟೂ ಇದ್ದರು. ಹಳೆಯ ಹಂಚಿಕೆಯಲ್ಲಿ ತಾಳ್ಯದ ಹೊಲ ಅವರದೇ. ದಾರಿಯಲ್ಲಿ ಅವರಿಗೆ ಮೆಸೇಜ್ ಸಿಕ್ಕಿತು. ಮತ್ತೆ ಅದೇ ಹೊಲಕ್ಕೆ ಹೋಗಿ ಎಂದು. ಕುರಿ ಮೇಯಿಸಿಕೊಂಡು ಸಂಜೆ ಹೊತ್ತಿಗೆ ತಿರುಗಿ ಬಂದರು.

ಮಾವ ಆಗಲೇ ಹೊಲದಲ್ಲಿದ್ದ. ದಾರಿಯಲ್ಲೇ ಕೆಲವು ಕುರಿ ಮರಿ ಹಾಕಿದ್ದವು. ಮರಿಗಳನ್ನು ಬುಟ್ಟಿಯಿಂದ ಇಳಿಸಿ ತಾಯಿಗಳಿಗೆ ಬಿಟ್ಟಿದ್ದ. ಮಂದೆ ಸುತ್ತ ಬಲೆ ಇನ್ನೂ ಕಟ್ಟಿರಲಿಲ್ಲ. ಆ ಕಡೆಯಿಂದ ಇನ್ನೊಂದು ಮಂದೆ ನೀರಿನ ವಾಸನೆಗೆ ಬಾವಿ ಕಡೆ ಓಡಿ ಬಂತು. ಎರಡೂ ಕಡೆಯ ನಾಯಿ ಕಚ್ಚಾಡಿದವು. ಎರಡು ಮಂದೆ ಒಂದಾಯಿತು.

ಇದನ್ನು ಮೇಡಂ ನನಗೆ ಫೋನಿನಲ್ಲಿ ಹೇಳಿದರು. ಮರುದಿನ ಬೆಳಿಗ್ಗೆ ಹೊಳಲ್ಕೆರೆಗೆ ಬಸ್ಸು, ಅಲ್ಲಿಂದ ತಾಳ್ಯಕ್ಕೆ ಆಟೋ ಹಿಡಿದು ಹೋದೆ.

ಹೊಲದಲ್ಲಿ ಕುರಿ ಬೇರೆ ಮಾಡುತ್ತಿದ್ದರು. ಮಾವನ ಕುರಿಗಳಿಗೆ ಬೆನ್ನ ಮೇಲೆ ಕೆಂಪು ಗುರುತು, ಇನ್ನೊಂದು ಮಂದೆಯವಕ್ಕೆ ನೀಲಿ. ಒಂದೊಂದನ್ನೇ ಹಿಡಿದು ಆ ಕಡೆಗೊಂದು ಈ ಕಡೆಗೊಂದು ದಾಟಿಸುತ್ತಿದ್ದರು. ದೊಡ್ಡವು ಸುಲಭ. ಮರಿಗಳಿಗೆ ಗುರುತು ಹಾಕಿರುವುದಿಲ್ಲ. ಯಾವ ಮರಿ ಯಾವ ತಾಯಿಯದು ಎಂದು ಮೂಸಿಸಿ ನೋಡುತ್ತಿದ್ದರು. ಕೆಲವು ತಾಯಿಗಳು ಮೂಸಿ ಒದೆಯುತ್ತಿದ್ದವು. ಬೇವಿನ ಮರದ ಕೆಳಗೆ ತುಳಿತಕ್ಕೆ ಸತ್ತ ಮರಿಗಳನ್ನು ಸಾಲಾಗಿ ಮಲಗಿಸಿ ಕಂಬಳಿ ಮುಚ್ಚಿದ್ದರು. ಕಂಬಳಿ ಸಾಲದೆ ಕೆಲವು ಕಾಲು ಹೊರಗಿದ್ದವು.

ನಾನು ಬಂದದ್ದನ್ನು ಮಾವ ನೋಡಿದ. ಬೈಯಲಿಲ್ಲ. ಒಂದು ಮರಿಯನ್ನು ನನ್ನ ಕೈಗೆ ಕೊಟ್ಟು ಹಿಡಕೋ ಅಂದ. ಹಿಡಿದುಕೊಂಡೆ. ಅದರ ತಾಯಿಯನ್ನು ಹಿಡಿದು ತಂದು, ಕಾಲು ಅದುಮಿ ಮರಿಗೆ ಹಾಲು ಕುಡಿಸಿದ. ಸುಮಾರು ಹೊತ್ತು ಹೀಗೇ ನಡೆಯಿತು. ಬಿಸಿಲೇರಿದ ಮೇಲೆ ನೀರು ಕುಡಿಯಲು ಕೂತಾಗ ಕೇಳಿದೆ.

"ಎಷ್ಟು ಹೋದ್ವು ಮಾವ?"

"ಹೋದ್ವು" ಅಂದ.

ಅಷ್ಟೇ. ನಾನೂ ಮತ್ತೆ ಕೇಳಲಿಲ್ಲ. ಕಂಬಳಿ ಎತ್ತಿ ನೋಡಿದ್ದರೆ ನನಗೇ ಗೊತ್ತಾಗುತ್ತಿತ್ತು. ಎತ್ತಲಿಲ್ಲ. ನಮ್ಮಲ್ಲಿ ಕುರಿ ಎಣಿಸುವುದಿಲ್ಲ. ಎಣಿಸಿದರೆ ದೃಷ್ಟಿ ತಾಗುತ್ತದೆ, ಮಂದೆ ಕರಗುತ್ತದೆ ಎಂದು ನಂಬಿಕೆ. ಯಾವುದು ಇಲ್ಲ ಎಂದು ಮುಖ ನೋಡಿ ಹೇಳುತ್ತಾರೆ, ಎಷ್ಟಿದೆ ಎಂದು ಹೇಳುವುದಿಲ್ಲ. ಯಾರಾದರೂ ಬಿಡದೆ ಕೇಳಿದರೆ ಬಾಯಿಗೆ ಬಂದ ಒಂದು ಅಂಕಿ ಹೇಳಿ ಸುಮ್ಮನಾಗುತ್ತಾರೆ. ಸತ್ತವನ್ನೂ ಅವನು ಎಣಿಸಿರಲಿಲ್ಲ.

ಮರಿ ನನ್ನ ತೊಡೆಯ ಮೇಲೇ ಇತ್ತು. ಆಗ ಹೊಳೆಯಿತು.

"ಮಾವ, ನಮ್ ಫೋನ್ನಾಗೆ ಕುರಿ ಎಷ್ಟು ಅಂತ ಒತ್ತಿದ್ದೆ?"

"ನೂರು."

ಅವನ ಮಂದೆ ನೂರಲ್ಲ. ನೋಡಿದರೇ ಗೊತ್ತಾಗುತ್ತದೆ, ಅದಕ್ಕಿಂತ ಬಹಳ ದೊಡ್ಡದು. ಪಕ್ಕದಲ್ಲಿ ನೀಲಿ ಗುರುತಿನ ಮಂದೆಯ ಯಜಮಾನ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅವನನ್ನೂ ಕೇಳಿದೆ.

"ನಾನೂ ನೂರೇ ಒತ್ತಿದ್ದು" ಅಂದ. "ಮತ್ತೆ, ಎಣ್ಸಿ ಹೇಳ್ಬೇಕಿತ್ತೇನು? ನೀನು ಯಾರ್ ಮನೆ ಹುಡ್ಗ?"

"ನನ್ ಅಕ್ಕನ ಮಗ" ಅಂದ ಮಾವ.

"ಕುರಿ ಮನೆ ಹುಡ್ಗನಾಗಿ ಇದ್ನ ಕೇಳ್ತೀಯಲ್ಲಪ್ಪ" ಅಂದು ಅವನು ಆ ಕಡೆ ಉಗುಳಿದ.

ಅಲ್ಲೇ ಕೂತು ಫೋನಿನಲ್ಲಿ ನಮ್ಮ ಡೇಟಾ ತೆರೆದು ನೋಡಿದೆ. ನೂರು. ನೂರು. ನೂರು. ಒಂದೆರಡು ಕಡೆ ಐವತ್ತು. ಇದ್ದ ಊರಿನ ಹೆಸರು ನೋಡಿದರೆ ಹೊಸದುರ್ಗದ ಕಡೆಯವರು ಬಹಳಷ್ಟು ಜನ ಹಾಲುರಾಮೇಶ್ವರ ಎಂದು ಹೇಳಿದ್ದರು. ಸುತ್ತ ಎಲ್ಲೇ ಇದ್ದರೂ ಎಲ್ಲರಿಗೂ ಗೊತ್ತಿರುವ ಹೆಸರು ಅದೇ. ಹೀಗಾಗಿ ಪ್ರೋಗ್ರಾಮಿಗೆ ಕಂಡದ್ದು ಒಂದೇ ಊರಿನಲ್ಲಿ ನಿಂತ, ಒಂದೇ ಅಳತೆಯ ಮಂದೆಗಳ ರಾಶಿ. ಈ ಮಂದೆ ಆ ಹೊಲಕ್ಕೆ, ಆ ಮಂದೆ ಈ ಹೊಲಕ್ಕೆ ಎಂದು ಅದಲುಬದಲು ಮಾಡಿದರೆ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ. ಪ್ರೋಗ್ರಾಮಿಗೆ ಅದು ಗೊತ್ತಿಲ್ಲ. ಒಂದು ಹಂಚಿಕೆ ಇನ್ನೊಂದಕ್ಕಿಂತ ಕೆಟ್ಟದು ಎಂದು ಕಂಡರೆ ತಾನೇ ಅದನ್ನು ಅಲ್ಲಿಗೇ ಬಿಡುವುದು. ಎಲ್ಲವೂ ಸಮ. ಯಾವುದನ್ನೂ ಬಿಡಲಾಗದೆ ಎಲ್ಲವನ್ನೂ ನೋಡುತ್ತಿತ್ತು. ಅದು ಈ ವರ್ಷ ಮುಗಿಯುತ್ತಿರಲಿಲ್ಲ. ಮುಂದಿನ ವರ್ಷವೂ ಮುಗಿಯುತ್ತಿರಲಿಲ್ಲ. ನಾನು ಅದನ್ನು ಕೊಲ್ಲುವುದು ಹೇಗೆ ಎಂದು ಹುಡುಕುತ್ತಾ, ಅದು ಯಾಕೆ ಮುಗಿಯುತ್ತಿಲ್ಲ ಎಂದು ಕೇಳಿರಲೇ ಇಲ್ಲ.

ಮಾವನ ಬಲೆಗಳು ಪಕ್ಕದಲ್ಲಿ ಸುರುಳಿ ಸುತ್ತಿ ಬಿದ್ದಿದ್ದವು. ಮಂದೆ ಸುತ್ತ ರಾತ್ರಿ ಕಟ್ಟುವ ನೈಲಾನ್ ಬಲೆ.

"ಬಲೆ ಎಷ್ಟು ಕಟ್ತೀಯ ಮಾವ?"

"ಆರು. ಮರಿ ಜಾಸ್ತಿ ಆದ್ರೆ ಏಳು." ಯೋಚಿಸಲೂ ಇಲ್ಲ. ನೀಲಿ ಗುರುತಿನವನು ಕೇಳದೆಯೇ, ನಮ್ಮವು ನಾಲ್ಕು ಅಂದ.

ಬಲೆಗೆ ಜೀವ ಇಲ್ಲ. ಅದನ್ನು ಎಣಿಸಬಹುದು.

ಸಂಜೆಗೆ ಮುಂಚೆ ಹೊರಡುವಾಗ ಎಲ್ಲ ಸರಿ ಮಾಡುತ್ತೇನೆ, ಎರಡು ದಿನ ಕೊಡು ಅಂದೆ. ಈಗ ಹೊತ್ತಿಗೆ ಸರಿಯಾಗಿ ನಿಲ್ಲಿಸಲು ಬರುತ್ತದೆ, ಕಾರಣವೂ ಗೊತ್ತಾಗಿದೆ ಎಂದೆಲ್ಲ ಹೇಳಿದೆ. ಮಾವ ಬಲೆಯ ಗೂಟ ಹೊಡೆಯುತ್ತಿದ್ದ.

"ಆಯ್ತು ಬಿಡಪ್ಪ. ನಿಲ್ಸಾಕೆ ಕಲ್ತಿದೀನಿ ಅಂತೀಯಲ್ಲ. ನಂದೂ ನಿಲ್ಸಿಬಿಡು. ಹೆಸ್ರು ತೆಗ್ದಾಕು."

ಗೂಟ ಹೊಡೆದು ಮುಗಿಸಿ, ಮನೆಯಲ್ಲಿ ಅಮ್ಮನ ಮಂಡಿ ನೋವು ಹೇಗಿದೆ ಎಂದು ಕೇಳಿದ. ಹಂಗೇ ಐತೆ ಅಂದೆ.

ಆಫೀಸಿಗೆ ಬಂದು ನೂರರ ವಿಷಯ ಹೇಳಿದೆ. ಅಷ್ಟರಲ್ಲಿ ಸರ್ ಇನ್ನೂ ದೊಡ್ಡ ಕಂಪ್ಯೂಟರ್ ಬಾಡಿಗೆಗೆ ತರುವ ಬಗ್ಗೆ ವಿಚಾರಿಸಿದ್ದರು. ಅದರಿಂದ ಆಗುವುದಿಲ್ಲ ಅಂದೆ. ಹಾಗಾದರೆ ಕುರಿಯವರಿಗೆಲ್ಲ ತಿಳಿಸಿ ಹೇಳೋಣ, ಸರಿಯಾದ ಸಂಖ್ಯೆ ಕೊಡಲಿ ಅಂದರು. ಮೇಡಂ ಕೇಳಿಸಿಕೊಳ್ಳುತ್ತಿದ್ದರು.

"ಹೇಳ್ತಾರೆ, ಹೇಳ್ತಾರೆ. ನೀವು ಮೊದ್ಲು ನಿಮ್ ಬ್ಯಾಂಕಿನಾಗೆ ಎಷ್ಟೈತೆ ಅಂತ ಹಿರಿಯೂರು ಬಸ್ಸಿನಾಗೆ ನಿಂತು ಹೇಳ್ರಿ ನೋಡಾಣ."

ನಾನು ಏನು ಮಾಡಬೇಕು ಎಂದು ಬಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದೆ. ಕುರಿ ಎಷ್ಟು ಎಂದು ಇನ್ನು ಕೇಳುವುದಿಲ್ಲ. ಬಲೆ ಎಷ್ಟು ಎಂದು ಕೇಳುತ್ತೇವೆ. ಮೇಡಂ ಎಲ್ಲರಿಗೂ ಫೋನ್ ಮಾಡಿದರು. ಯಾರೂ ಒಂದು ಕ್ಷಣ ತಡೆಯಲಿಲ್ಲವಂತೆ. ನಾಲ್ಕು, ಆರು, ಒಂಬತ್ತು, ಬೇರೆ ಬೇರೆ ಅಂಕಿ ಬಂದವು. ಎಲ್ಲಿದ್ದೀರಿ ಎನ್ನುವುದಕ್ಕೂ ಊರಿನ ಹೆಸರಿನ ಜೊತೆ ಹತ್ತಿರದ ಕೆರೆಯನ್ನೋ ಸ್ಕೂಲನ್ನೋ ಕೇಳಿ ಬರೆದುಕೊಂಡರು.

ಅಷ್ಟಾದರೂ ಕೆಲವು ಮಂದೆಗಳು ಒಂದೇ ಥರ ಉಳಿದವು. ಅಂಥವನ್ನು ಒಂದು ಸಾಲಿನಲ್ಲಿ ನಿಲ್ಲಿಸಿದೆ. ಸಾಲಿನಲ್ಲಿ ಮುಂದಿನದು ಮುಂದಿನ ಹೊಲಕ್ಕೆ, ಹಿಂದಿನದು ಹಿಂದಿನ ಹೊಲಕ್ಕೆ. ಅದಲುಬದಲು ನೋಡುವ ಹಾಗಿಲ್ಲ.

ಆಮೇಲೆ ಟೈಮ್‌ಔಟ್. ಅದನ್ನು ತೆಗೆಯಲಿಲ್ಲ. ಲೆಕ್ಕ ಯಾವತ್ತಾದರೂ ಮತ್ತೆ ಉದ್ದವಾಗಬಹುದು. ಆದರೆ ಕೊಂದಾಗ ಕೈ ಖಾಲಿ ಇರಬಾರದು, ಹಳೆಯದೂ ಇರಬಾರದು. ಹೊರಗೆ ಒಂದು ಪೆಟ್ಟಿಗೆ ಇಟ್ಟೆ. ಪೆಟ್ಟಿಗೆ ಅಂದರೆ ಥ್ರೆಡ್ ಸತ್ತರೂ ಉಳಿಯುವ ಒಂದು ಮೆಮೊರಿ ಜಾಗ. ಲೆಕ್ಕ ನಡೆಯುತ್ತಾ ಹಿಂದಿನದಕ್ಕಿಂತ ಒಳ್ಳೆಯ ಹಂಚಿಕೆ ಸಿಕ್ಕಾಗಲೆಲ್ಲ ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಂದೆ ಹೋಗಬೇಕು. ಹೊತ್ತು ಮುಗಿದರೆ ಥ್ರೆಡ್ ಸಾಯಲಿ, ಪೆಟ್ಟಿಗೆಯಲ್ಲಿ ಇವತ್ತಿನದು ಇರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಅಲ್ಲದಿರಬಹುದು. ಯಾರೋ ಒಂದಿಷ್ಟು ಹೆಚ್ಚು ನಡೆಯಬೇಕಾದೀತು.

ಇಲ್ಲಿಯೂ ಮೊದಲ ದಿನ ಅದೇ ಆಯಿತು. ಪೆಟ್ಟಿಗೆಯೊಳಗೆ ಹಂಚಿಕೆಯ ಬದಲು ಚೀಟಿ ಕೂತಿತ್ತು. ಥ್ರೆಡ್ ಸತ್ತ ಮೇಲೆ ಪೆಟ್ಟಿಗೆ ತೆರೆದರೆ ಮತ್ತೆ ಲೆಕ್ಕ ಶುರು. ಈ ಸಲ ಹುಡುಕಬೇಕಾಗಲಿಲ್ಲ. ಇಡುವ ಮುಂಚೆ ತಳದವರೆಗೆ ಬಿಡಿಸಿ ಇಡು ಎಂದು ಬರೆದೆ. ಇಡುವುದು ಒಂದೇ ಏಟಿಗೆ ಆಗಬೇಕು, ಅರ್ಧ ಇಡುವಾಗ ಕೂಗು ಬಂದರೂ ಅವತ್ತೇ ಮೊದಲು ಇಟ್ಟದ್ದು ಹಾಗೇ ಉಳಿಯಬೇಕು. ಅದನ್ನೂ ನೋಡಿಕೊಂಡೆ. ಬೇಕೆಂದೇ ಒಂದು ನಿಮಿಷಕ್ಕೆ ಕೊಂದೆ, ಒಂದು ಸೆಕೆಂಡಿಗೆ ಕೊಂದೆ, ಶುರುವಾಗುವ ಮುಂಚೆಯೇ ಕೊಂದೆ. ಸರ್ ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡಿದರು. ಪೆಟ್ಟಿಗೆ ಖಾಲಿ ಇದ್ದರೆ ಯಾವ ಮೆಸೇಜೂ ಹೋಗುವುದಿಲ್ಲ, ಮೇಡಂ ಫೋನಿಗೆ ಗಂಟೆ ಹೊಡೆಯುತ್ತದೆ, ಅವರು ಬಾಯಲ್ಲಿ ಹೇಳಿ ಹಂಚುತ್ತಾರೆ. ಹಾಗೆಂದು ಬರೆದು, ಹಳೆಯ ಹಂಚಿಕೆ ಕಳಿಸುವ ಸಾಲನ್ನು ಅಳಿಸಿದೆ.

ಮರುದಿನ ಬೆಳಿಗ್ಗೆ ಹತ್ತು ನಿಮಿಷಕ್ಕೆ ಥ್ರೆಡ್ ಸತ್ತಿತು. ಪೆಟ್ಟಿಗೆಯಿಂದ ಹಂಚಿಕೆ ಹೋಯಿತು. ಮೇಡಂ ಫೋನ್ ಮುಂದಿಟ್ಟುಕೊಂಡು ಕಾದರು. ಯಾರೂ ಮಾಡಲಿಲ್ಲ. ಅವರೇ ಎರಡು ಕಡೆ ಮಾಡಿ ಕೇಳಿದರು. ಹೋಗ್ತಾ ಇದೀವಿ, ಯಾಕೆ ಅಂದರಂತೆ. ಅದಾದ ಮೇಲೆ ಪ್ರತಿ ದಿನವೂ ಹಾಗೇ ನಡೆಯಿತು.

ಮಾವನ ಹೆಸರು ತೆಗೆದಿರಲಿಲ್ಲ. ಅವನು ಸಿಟ್ಟಿನಲ್ಲಿ ಹೇಳಿದ್ದು, ಇಳಿಯುತ್ತದೆ ಅಂದುಕೊಂಡೆ. ಅವನು ತಾಳ್ಯದ ಆ ಹೊಲ ಬಿಟ್ಟು, ಅದೇ ಊರಿನ ಪರಿಚಯದವರ ಹೊಲಕ್ಕೆ ಮಂದೆ ದಾಟಿಸಿಕೊಂಡಿದ್ದ. ಪ್ರೋಗ್ರಾಂ ದಿನಾ ಅವನಿಗೆ ಒಂದು ಹೊಲ ಕೊಡುತ್ತಿತ್ತು. ಹೆಚ್ಚಾಗಿ ಬಾವಿ ಇರುವ ಅದೇ ಹೊಲ. ಅವನು ಹೋಗುತ್ತಿರಲಿಲ್ಲ. ಹೊಲದ ರೈತ ಕಾದು ಕಾದು ಮೇಡಂಗೆ ಬೈಯುತ್ತಿದ್ದ. ನಾನು ಮಾವನಿಗೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

"ನಿಮ್ ಮಾವ ಬರಲ್ಲ ಕಣೋ" ಅಂದರು ಮೇಡಂ ಒಂದು ದಿನ ಬೆಳಿಗ್ಗೆ, ಮೆತ್ತಗೆ. "ಬಾಯ್ಬಿಟ್ಟು ಹೇಳೈತೆ ಆಯಪ್ಪ. ಇನ್ನೊಬ್ರಿಗಾದ್ರೂ ಆ ಹೊಲ ಸಿಗ್ಲಿ. ತೆಗಿ."

ತೆಗೆದೆ. ಒಂದು ಸಾಲು ಆಯ್ಕೆ ಮಾಡಿ, ಅಳಿಸು ಎಂದು ಒತ್ತಿದರೆ ಆಯಿತು. ಹೆಸರು ತೆಗೆದರೆ ಅವರಿಗೆ ತಾನಾಗಿಯೇ ಒಂದು ಮೆಸೇಜ್ ಹೋಗುತ್ತದೆ, ನಿಮ್ಮ ಮಂದೆಯನ್ನು ಕೈಬಿಡಲಾಗಿದೆ ಎಂದು. ಆಮೇಲೆ ಅವತ್ತಿನ ಲೆಕ್ಕ ಹಚ್ಚಿದೆ.

ಒಂದು ಮಂದೆ ಕಡಿಮೆಯಾದರೆ ನೋಡಬೇಕಾದ ಹಂಚಿಕೆಗಳು ಎಷ್ಟೋ ಪಾಲು ಕಡಿಮೆಯಾಗುತ್ತವೆ. ಅವತ್ತು ಟೈಮ್‌ಔಟಿಗೆ ಮುಂಚೆಯೇ ಲೆಕ್ಕ ಮುಗಿಯಿತು. ಟೈಮ್‌ಔಟ್ ಹಾಕಿದ ಮೇಲೆ ಅದೇ ಮೊದಲ ಸಲ. ಥ್ರೆಡ್ ಕೊಲ್ಲಬೇಕಾಗಲಿಲ್ಲ, ಅದು ತಾನೇ ಮುಗಿಸಿ ಎದ್ದು ಹೋಯಿತು. ಸರ್ ನನ್ನ ಬೆನ್ನು ತಟ್ಟಿದರು. ಮೆಸೇಜ್‌ಗಳು ಹೋದವು.

ಆಗ ಫೋನ್ ಬಂತು. ಮಾವ.

"ಅಳಿಯ, ಮೆಸೇಜ್ ಬಂದೈತೆ. ಓದಾಕೆ ಇಲ್ಲಿ ಯಾರೂ ಇಲ್ಲ. ಎಲ್ಲಿಗಂತೆ?"

ಹಿಂದೆ 'ಹ್ಯಾ ಹ್ಯಾ' ಎಂದು ಕುರಿ ಹೊಡೆಯುವ ಸದ್ದು, ಮರಿಗಳ ಸದ್ದು, ಲಾರಿ ಹೋದ ಸದ್ದು ಕೇಳಿಸುತ್ತಿತ್ತು.

"ಮರಿ ನಡೀತಾವೆ ಈಗ" ಅಂದ. "ಅದ್ಕೇ ಇವತ್ತು ಹೊಂಟೆ. ರೋಡಿಗೆ ಬಂದಿದೀನಿ."

"ಎಲ್ಲಿಗೂ ಇಲ್ಲ ಮಾವ. ನಿನ್ ಹೆಸ್ರು ತೆಗ್ದಿದ್ದಕ್ಕೆ ಬಂದಿರೋದು ಅದು."

"ಓ" ಅಂದ. "ಹೌದು, ನಾನೇ ಹೇಳಿದ್ನಲ್ಲ" ಅಂದ. "ಸರಿ ಬಿಡು."

ಇರು ಮಾವ ಅಂದೆ. ಆಗಲೇ ಇಟ್ಟಿದ್ದ.

ಪರದೆಯ ಮೇಲೆ ಅವತ್ತಿನ ಹಂಚಿಕೆ ಇತ್ತು. ಮೇಲಿಂದ ಕೆಳಗಿನವರೆಗೆ ನೋಡಿದೆ. ಪ್ರತಿ ಹೊಲದ ಎದುರಿಗೂ ಒಂದು ಮಂದೆಯ ಹೆಸರಿತ್ತು. ಬಾವಿಯ ಹೊಲ ನೀಲಿ ಗುರುತಿನವರಿಗೆ ಹೋಗಿತ್ತು. ಫ್ಯಾನ್ ನಿಂತಿತ್ತು. ಲೆಕ್ಕ ಪೂರ್ತಿ ಮುಗಿದಿತ್ತು, ಉಳಿದ ಹೊಲ ಒಂದೂ ಇರಲಿಲ್ಲ.